ಕೀಂಕ್ ಎಂದವರು ಯಾರು?

ನನಗೂ ಸದ್ದುಗಳಿಗೂ ಮೊದಲಿನಿಂದ ಆಗಿಬರುವುದಿಲ್ಲ. ನಾರ್ತ್ ಸಿಡ್ನಿಯ ನಮ್ಮ ಆಫೀಸಿನಲ್ಲಿ ಎಷ್ಟೇ ಕುರ್ಚಿಗಳಿರಲಿ, ಕಿರುಗುಟ್ಟುವ ಕುರ್ಚಿ ನನ್ನದೇ. ಪ್ಯಾರಮಟ್ಟಾದ ಅಪಾರ್ಟ್‌ಮೆಂಟಿನ ನಮ್ಮ ಯೂನಿಟ್‌ನಲ್ಲಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕಿರುಚುತ್ತದೆ, ಹಾಕದಿದ್ದರೆ ಬ್ಯಾಟರಿ ಮುಗಿಯಿತೆಂದು ಕುಂಯ್‌ಗುಡುತ್ತದೆ. ಮಗಳಿಗೆ ಬೆಂಗಳೂರಿನಿಂದ ಬಂದ, ಹೆಜ್ಜೆ ಹೆಜ್ಜೆಗೂ ಕೂಗುವ ಶೂಗಳ ದೆಸೆಯಿಂದ ಕೆಳಗಿನ ಮನೆಯವರು ಬಾಗಿಲಿಗೇ ಬಂದಿದ್ದರು, ಅಂದಿನಿಂದ ಅವು ಮೂಲೆ ಸೇರಿದ್ದವು. ಇಂಥ ನಾನು ಹಳೇ ಫೋರ್ ವೀಲ್ ಡ್ರೈವ್ ಒಂದನ್ನು ಕೊಂಡು, ಅದು ಮೌನವಾಗಿ ಓಡುತ್ತದೆ ಎಂದು ನಂಬಿದೆನಲ್ಲ, ನನ್ನ ಬುದ್ಧಿಗೆ ಏನು ಹೇಳೋಣ!

ನಿಂಬೆಹಣ್ಣು

ಗಾಡಿ ತಂದದ್ದು ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿ, ಬಂದ ವಾರ. ಓದಲು ಬಂದ ಕಾಲದಲ್ಲಿ ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆದು, ಮಳೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ, ಕೆಸರು ಹಾರಿಸಿಕೊಂಡು ಹೋಗುತ್ತಿದ್ದ ಎತ್ತರದ ಗಾಡಿಗಳನ್ನು ನೋಡಿ ‘ಒಂದಿನ ನಾನೂ ಹಾರಿಸ್ತೀನಿ’ ಅಂದುಕೊಂಡಿದ್ದೆ. ಕೊನೆಗೆ ಸಿಕ್ಕಿದ್ದು ನನಗಿಂತ ಸ್ವಲ್ಪವೇ ಕಿರಿಯದಾದ, ಕ್ಯಾಸೆಟ್ ಪ್ಲೇಯರ್ ಇದ್ದ, ಹಿಂದಿನ ಬಾಗಿಲಿಗೆ ಹೊರಗಡೆ ಸ್ಟೆಪ್ನಿ ಚಕ್ರ ನೇತುಹಾಕಿಕೊಂಡಿದ್ದ ಗಾಡಿ. ಅಲ್ಲಲ್ಲಿ ತುಕ್ಕು, ಒಂದು ದೀಪ ಒಡೆದಿತ್ತು. ನನಗಂತೂ ಐರಾವತವೇ ಮನೆಗೆ ಬಂದಷ್ಟು ಖುಷಿ.

ಆಗ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ನಮ್ಮಲ್ಲಿಗೆ ಬಂದಿದ್ದರು. ಕಾರ್ ಪಾರ್ಕಿನಲ್ಲೇ ಗಾಡಿಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ನಾಲ್ಕು ಚಕ್ರಗಳಡಿಗೂ ನಿಂಬೆಹಣ್ಣು ಇಟ್ಟರು.

“ಹಿಂದಗಡೆ ಒಂದು ಹಳೇ ಚಪ್ಪಲಿ ಕಟ್ಟಿಬಿಡಿ, ದೃಷ್ಟಿಗೆ” ಎಂದರು.

“ಅತ್ತೆ, ಅದು ಊರಲ್ಲಿ ಲಾರಿಗೆ ಸರಿ. ಇಲ್ಲಿ ಜನ ನಗ್ತಾರೆ.”

“ಆಯ್ತು ಬಿಡಿ” ಎಂದರು. ಇಷ್ಟು ಬೇಗ ಒಪ್ಪಿದರಲ್ಲ ಎಂದು ನನಗೇ ಆಶ್ಚರ್ಯ.

ಮೇಲಿನ ಬಾಲ್ಕನಿಯಿಂದ ಒಬ್ಬ ಆಸ್ಟ್ರೇಲಿಯನ್ ಅಜ್ಜಿ ಎಲ್ಲವನ್ನೂ ನೋಡುತ್ತಿದ್ದರು. “ನಿಂಬೆಹಣ್ಣು ಟೈರಿಗೆ ಒಳ್ಳೆಯದಾ?” ಎಂದು ಕೇಳಿದರು. ಶಾಸ್ತ್ರವನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸುವ ಧೈರ್ಯವಿಲ್ಲದೆ “ವೆರಿ ಗುಡ್” ಎಂದುಬಿಟ್ಟೆ. ಮರುವಾರ ನೋಡಿದರೆ ಅಜ್ಜಿ ಮೊಣಕಾಲೂರಿ ಕೂತು, ಅರ್ಧ ಹೋಳು ನಿಂಬೆಹಣ್ಣಿನಿಂದ ತಮ್ಮ ಕಾರಿನ ಟೈರನ್ನು ತಿಕ್ಕುತ್ತಿದ್ದರು.

ರಿಪೇರಿ

ಹೆಂಡತಿಯ ತಂಗಿ ಮೆಲ್ಬರ್ನಿನಲ್ಲಿದ್ದಾಳೆ. ಆಕೆಗೆ ಚೊಚ್ಚಲ ಬಸಿರು, ವಾಂತಿ ಜಾಸ್ತಿ ಎಂದು ಅತ್ತೆ ಅಲ್ಲಿಗೆ ಹೊರಟರು. ವಿಮಾನ ಹತ್ತಿಸಿ ವಾಪಸ್ ಬರುವಾಗ ರಸ್ತೆಯ ಉಬ್ಬು ದಾಟಿದೆವು.

ಕೀಂಕ್!

“ರೀ, ಏನದು?” ಎಂದಳು ಹೆಂಡತಿ.

“ಏನಿಲ್ಲ. ಹಳೇ ಗಾಡಿ ಅಲ್ವಾ.”

ಇನ್ನೊಂದು ಉಬ್ಬು. ಕೀಂಕ್! ಹಿಂದೆ ಕೂತಿದ್ದ ಎರಡೂವರೆ ವರ್ಷದ ಮಗಳು ಚಪ್ಪಾಳೆ ತಟ್ಟಿ “ಮೈ ಶೂ!” ಎಂದಳು. ಹೆಂಡತಿ ಬಗ್ಗಿ ನೋಡಿ, “ಕಾಲಲ್ಲೇ ಇದೆ ಚಿನ್ನ” ಎಂದು ಸಮಾಧಾನ ಮಾಡಿದಳು.

ಅಲ್ಲಿಂದ ದಿನಾ ಇದೇ ಕಥೆ. ನುಣುಪು ರಸ್ತೆಯಲ್ಲಿ ಚಕಾರವಿಲ್ಲ. ಉಬ್ಬು, ಗುಂಡಿ ಬಂದರೆ ಕೀಂಕ್. ಮಗಳು “ಮೈ ಶೂ!” ನಾವು ಬಗ್ಗಿ ನೋಡುವುದು. ಶೂ ಬಿಗಿಯಾಗಿ ಒತ್ತುತ್ತಿರಬಹುದೆಂದು ಒಂದು ಸೈಜ್ ದೊಡ್ಡದನ್ನೇ ತಂದೆವು. ಆದರೂ ಅವಳದು ಅದೇ ಮಾತು.

ಹತ್ತಿರದ ಗ್ಯಾರೇಜಿನಲ್ಲಿ ವಯಸ್ಸಾದ, ಗಡ್ಡದ ಮೆಕ್ಯಾನಿಕ್ ಒಬ್ಬ. “ನೋ ವರೀಸ್, ಮೇಟ್” ಎಂದು ಹಿಂದಿನ ಚಕ್ರಗಳ ಹತ್ತಿರದ ರಬ್ಬರುಗಳನ್ನು ಬದಲಾಯಿಸಿದ. ಕೀಂಕ್. ಎರಡನೇ ಸಲ ಕೈಗೆ ಸಿಕ್ಕಲ್ಲೆಲ್ಲ ಎಣ್ಣೆ ಬಿಟ್ಟ. ಕೀಂಕ್. ಮೂರನೇ ಸಲ ತಾನೇ ಸ್ಟೀರಿಂಗ್ ಹಿಡಿದು ಒಂದು ಸುತ್ತು ಹೊಡೆದ. ಕೀಂಕ್ ಎಂದಿತು. ಗಾಡಿ ನಿಲ್ಲಿಸಿ, ಗಡ್ಡ ಕೆರೆದುಕೊಂಡು, ನಾನು ಊರಿಂದ ತಂದಿದ್ದ ಹರಿಕಥೆಯ ಕ್ಯಾಸೆಟ್ ಹಾಕಿ ವಾಲ್ಯೂಮ್ ಪೂರ್ತಿ ತಿರುಗಿಸಿದ. ದಾಸರು ಕಥೆಯ ದುಃಖದ ಭಾಗದಲ್ಲಿದ್ದರು, ಏರುದನಿಯಲ್ಲಿ ಗೋಳಾಡುತ್ತಿದ್ದರು. ಅದೇ ಉಬ್ಬನ್ನು ಮತ್ತೆ ದಾಟಿದ.

“ಈಗ ಕೇಳಿಸ್ತಾ?”

“ಇಲ್ಲ.”

“ರಿಪೇರಿ ಆಯ್ತು” ಎಂದು ಕೀಲಿ ಕೈಗಿಟ್ಟ. ಇಳಿಯುವಾಗ ಕ್ಯಾಸೆಟ್ ಪ್ಲೇಯರ್ ಕಡೆ ಕನಿಕರದಿಂದ ನೋಡಿ, “ನಿನ್ನ ಗಾಡಿಗೇನೂ ಆಗಿಲ್ಲ, ಮೇಟ್. ಪಾಪ, ಆ ಮನುಷ್ಯನನ್ನ ಯಾರಾದ್ರೂ ಡಾಕ್ಟರಿಗೆ ತೋರಿಸಬೇಕು” ಎಂದ.

ಗಡುವು

ಕಡೆಗೆ ಹೆಂಡತಿಯ ತಾಳ್ಮೆ ಮುಗಿಯಿತು.

“ಮುಂದಿನ ತಿಂಗಳು ತಂಗಿ ಸೀಮಂತ. ಮೆಲ್ಬರ್ನ್‌ಗೆ ಒಂಬತ್ತು ಗಂಟೆ ದಾರಿ. ಮಧ್ಯ ಗಾಡಿ ಕಳಚಿಕೊಂಡು ಬಿದ್ರೆ ಮಗು ಕಟ್ಕೊಂಡು ಎಲ್ಲಿ ನಿಲ್ಲಲಿ? ಅಷ್ಟರಲ್ಲಿ ಸದ್ದು ಎಲ್ಲಿಂದ ಅಂತ ಪತ್ತೆ ಮಾಡಿ. ಇಲ್ಲಾಂದ್ರೆ ಗಾಡಿ ಅಲ್ಲೇ ಮಾರಿ, ವಿಮಾನದಲ್ಲಿ ವಾಪಸ್ ಬರೋಣ.”

“ಪತ್ತೆ ಆದ್ರೆ?”

“ಇಟ್ಕೊಳ್ಳಿ. ನಾನ್ ಮಾತು ತಪ್ಪಲ್ಲ.”

ಮೆಲ್ಬರ್ನಿನಲ್ಲಿದ್ದ ನನ್ನ ಷಡ್ಡಕ ಅಷ್ಟರಲ್ಲೇ ಒಬ್ಬ ಗಿರಾಕಿಯನ್ನೂ ಹುಡುಕಿಟ್ಟಿದ್ದ. ನಾನು ಗಾಡಿಯ ಹತ್ತಿರ ಹೋಗಿ, ಬಾನೆಟ್ ಮೇಲೆ ಕೈಯಿಟ್ಟು, “ಬಾಯ್ಬಿಡೋ ಮಾರಾಯ, ಎಲ್ಲಿ ನೋವು?” ಎಂದು ಕನ್ನಡದಲ್ಲೇ ಕೇಳಿದೆ. ಬಾಲ್ಕನಿಯ ಅಜ್ಜಿ ಮೇಲಿನಿಂದ, “ನಿಂಬೆಹಣ್ಣು ಬೇಕಾ?” ಎಂದರು.

ಕೇಳುವವನು

ಆಫೀಸಿನಲ್ಲಿ ನನ್ನ ಸ್ನೇಹಿತನೊಬ್ಬನಿದ್ದ. ಹಾಸನದವನು, ಸಾಫ್ಟ್‌ವೇರ್ ಟೆಸ್ಟರ್. “ಗುರೂ, ಇದು ನನ್ ಲೈನು. ಒಂದೊಂದೇ ಎಲಿಮಿನೇಟ್ ಮಾಡ್ತಾ ಹೋಗೋಣ” ಎಂದು ಎಕ್ಸೆಲ್ ಶೀಟ್ ತೆರೆದ. ಜ್ಯಾಕ್ ತೆಗೆದು ಓಡಿಸಿದೆವು. ಕೀಂಕ್. ಮಗುವಿನ ಸೀಟ್ ತೆಗೆದೆವು. ಕೀಂಕ್. ಹಿಂದಿನ ಸೀಟುಗಳನ್ನೇ ಬಿಚ್ಚಿ ಮನೆಯ ಹಾಲ್‌ನಲ್ಲಿಟ್ಟೆವು. ಎರಡು ವಾರ ಬಂದ ನೆಂಟರೆಲ್ಲ ಅವುಗಳ ಮೇಲೇ ಕೂತರು.

ಕೊನೆಗೆ ಅವನು ಗಾಡಿಯ ಹಿಂಭಾಗದಲ್ಲಿ ಅಂಗಾತ ಮಲಗಿ, ಕೈಯಲ್ಲಿ ಟಾರ್ಚ್ ಹಿಡಿದು, ಕಣ್ಣು ಮುಚ್ಚಿ, “ಓಡ್ಸು” ಎಂದ. ಶಾಪಿಂಗ್ ಸೆಂಟರಿನ ಕಾರ್ ಪಾರ್ಕಿನಲ್ಲಿ ಉಬ್ಬುಗಳು ಸಾಲಾಗಿವೆ ಎಂದು ಅಲ್ಲೇ ಸುತ್ತು ಹಾಕತೊಡಗಿದೆ. ಐದನೇ ಸುತ್ತಿಗೆ ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದ. ಕಿಟಕಿಯೊಳಗೆ ಇಣುಕಿ ಕೇಳಿದ:

“ಹಿಂದೆ ಮಲಗಿರೋ ಮನುಷ್ಯನಿಗೆ ಏನಾಗಿದೆ?”

“ಏನೂ ಆಗಿಲ್ಲ. ಅವನು ಕೇಳಿಸ್ಕೊಳ್ತಿದ್ದಾನೆ.”

“ಏನನ್ನ?”

ಸ್ನೇಹಿತ ಕಣ್ಣು ತೆರೆಯದೆ, ತುಟಿಯ ಮೇಲೆ ಬೆರಳಿಟ್ಟು “ಶ್!” ಎಂದ. ಪಾಪ, ಸೆಕ್ಯುರಿಟಿಯವನೂ ಎರಡು ನಿಮಿಷ ತಲೆ ಓರೆ ಮಾಡಿಕೊಂಡು ನಮ್ಮ ಜೊತೆ ಕೇಳಿಸಿಕೊಂಡ. ಆಮೇಲೆ ಎಚ್ಚೆತ್ತು, ಇಬ್ಬರನ್ನೂ ಹೊರಗೆ ಕಳಿಸಿದ.

ಆದರೂ ಸ್ನೇಹಿತನ ಫಲಿತಾಂಶ ಸಿದ್ಧವಾಗಿತ್ತು. “ಸದ್ದು ಗಾಡಿ ಒಳಗಡೆ ಇಲ್ಲ ಗುರೂ. ಹೊರಗಿಂದ ಬರ್ತಿದೆ. ಹೊರಗಿಂದು ನಮ್ ಸ್ಕೋಪ್‌ನಲ್ಲಿಲ್ಲ” ಎಂದು ಶೀಟ್ ಮುಚ್ಚಿದ.

ಸೇಬು

ಎದುರು ಯೂನಿಟ್‌ನ ಉಡುಪಿಯ ಆಂಟಿ ಸದ್ದು ಕೇಳಿದವರೇ, “ಅದು ಗಾಡಿಯದ್ದಲ್ಲ ಮಾರಾಯ್ರೆ, ಎಂಥದೋ ಜೀವ ಉಂಟು ಅಡಿಯಲ್ಲಿ!” ಎಂದರು. ನನಗೂ ಹೌದೆನ್ನಿಸಿತು. ಮಳೆ ಬಂದ ದಿನ ಕೀಂಕ್ ಹೋಗಿ ಗೊರಕ್ ಆಗುತ್ತಿತ್ತು. ಕಬ್ಬಿಣಕ್ಕೆ ನೆಗಡಿ ಆಗುತ್ತದೆಯೇ?

ಕಾಡುಪ್ರಾಣಿಗಳನ್ನು ರಕ್ಷಿಸುವ ಒಬ್ಬ ಹೆಂಗಸಿಗೆ ಫೋನ್ ಮಾಡಿದೆ. ಶನಿವಾರ, ಹೆಂಡತಿ ಶಿಫ್ಟ್‌ಗೆ ಹೋಗಿದ್ದಾಗ ಆಕೆ ಬಂದರು. ಗಾಡಿಯನ್ನು ಅಲುಗಾಡಿಸಿ, ಕೀಂಕ್ ಎಂದದ್ದನ್ನು ಕೇಳಿ, “ಪೋಸಮ್ ಮರಿ ಇರಬಹುದು. ತಾಯಿಯಿಂದ ತಪ್ಪಿಸಿಕೊಂಡಿದೆ” ಎಂದರು. ಪೋಸಮ್ ಅಂದರೆ ರಾತ್ರಿ ಓಡಾಡುವ, ಬೆಕ್ಕಿನಷ್ಟಿರುವ ಇಲ್ಲಿನ ಮರವಾಸಿ ಪ್ರಾಣಿ. ಗಾಡಿಯ ಹಿಂದೆ ಒಂದು ಸೇಬು ಇಟ್ಟು, ನಾಳೆ ಬೆಳಿಗ್ಗೆ ನೋಡಿ ಎಂದು ಹೋದರು.

ಬೆಳಿಗ್ಗೆ ಓಡಿದೆ. ಸೇಬಿಲ್ಲ! ಪತ್ತೆಯಾಯಿತು, ಗಾಡಿ ಉಳಿಯಿತು ಎಂದು ಕುಣಿಯುತ್ತ ಮೇಲೆ ಬಂದು, “ನೋಡೇ, ಪೋಸಮ್ ಸೇಬು ತಿಂದಿದೆ!” ಎಂದು ಕೂಗಿದೆ.

ಹೆಂಡತಿ ದೋಸೆ ಮಗುಚುತ್ತ, “ಅದಾ? ನಿನ್ನೆ ಬರ್ತಾ ಗಾಡಿ ಹತ್ರ ಬಿದ್ದಿತ್ತು, ಚೆನ್ನಾಗೇ ಇತ್ತು. ತೊಳೆದು ನಿಮಗೇ ಹೆಚ್ಚಿಕೊಟ್ನಲ್ರೀ” ಎಂದಳು.

ಒಂಬತ್ತು ಗಂಟೆ ಮೌನ

ಹೊರಡುವ ಹಿಂದಿನ ದಿನ ಫೋನಿನಲ್ಲಿ ಅತ್ತೆಗೆ ಹೇಳಿಕೊಂಡೆ: “ಗಾಡಿ ಯಾಕೋ ಸದ್ದು ಮಾಡ್ತಿದೆ ಅತ್ತೆ. ದಾರೀಲಿ ಏನಾಗುತ್ತೋ ಅಂತ ಭಯ.”

“ಏನೂ ಆಗಲ್ಲ, ಧೈರ್ಯವಾಗಿ ಬನ್ನಿ. ಗಾಡಿಗೆ ಬೇಕಾದ್ದೆಲ್ಲ ನಾನು ಮಾಡಿದ್ದೀನಿ.”

ಹರಕೆ ಹೊತ್ತಿರಬೇಕು ಎಂದುಕೊಂಡು ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಹೈವೇ ಹತ್ತಿದ ಮೇಲೆ ಆಶ್ಚರ್ಯ. ಸದ್ದೇ ಇಲ್ಲ. ಒಂದು ಗಂಟೆ, ಎರಡು ಗಂಟೆ, ಮರದ ಕೆಳಗೆ ಪುಳಿಯೋಗರೆ, ಮೊಸರನ್ನ, ಮತ್ತೆ ಆರೇಳು ಗಂಟೆ. ಬಾಯಿಬಿಟ್ಟರೆ ಎಲ್ಲಿ ಕೆಡುತ್ತದೋ ಎಂದು ನಾನು ಉಸಿರೂ ಜೋರಾಗಿ ಬಿಡಲಿಲ್ಲ. ಮೆಲ್ಬರ್ನ್ ಬಂತು. ನಾದಿನಿಯ ಬೀದಿ ಬಂತು. ಅವಳ ಮನೆಯ ಡ್ರೈವ್‌ವೇ ಹತ್ತಿದೆ.

ಕೀಂಕ್!

ಹೆಂಡತಿ ನಿದ್ದೆಯಿಂದ ಎದ್ದು, “ಬಂದ್ವಾ?” ಎಂದಳು.

ಕತ್ತರಿ

ಶನಿವಾರ ಸೀಮಂತ ಚೆನ್ನಾಗಿ ನಡೆಯಿತು. ಭಾನುವಾರ ಬೆಳಿಗ್ಗೆ ಗಿರಾಕಿ ಬಂದ. ದೊಡ್ಡ ಹ್ಯಾಟಿನ, ಕೆಂಪು ಮುಖದ ಆಸ್ಟ್ರೇಲಿಯನ್. ಒಬ್ಬನೇ ಮರುಭೂಮಿ ಸುತ್ತಲು ಹೊರಟವನು. ನನ್ನನ್ನು ಕೂರಿಸಿಕೊಂಡು ಬೀದಿ ಸುತ್ತಿದ. ಕೀಂಕ್, ಕೀಂಕ್. ನಾನು ಸತ್ಯ ಹೇಳಿಬಿಟ್ಟೆ: “ಎಲ್ಲಿಂದ ಅಂತ ಯಾರಿಗೂ ಗೊತ್ತಿಲ್ಲ.”

“ಪರವಾಗಿಲ್ಲ ಮೇಟ್, ದಾರಿಯಲ್ಲಿ ನನಗೂ ಮಾತಿಗೊಬ್ಬರು ಸಿಕ್ಕಹಾಗಾಯ್ತು” ಎಂದು ನಕ್ಕ.

ಮನೆ ಮುಂದೆ ನಿಂತು ಕೀಲಿಯನ್ನು ಅವನ ಕೈಗಿಡಬೇಕು. ನನ್ನ ಕಣ್ಣು ತುಂಬಿತ್ತು. ಅಷ್ಟರಲ್ಲಿ ಒಳಗಿಂದ ಅತ್ತೆ ಬಂದರು.

“ಏನು, ಗಾಡಿ ಮಾರ್ತಿದ್ದೀರಂತೆ? ಸ್ವಲ್ಪ ನಿಲ್ಲಿ ಹಾಗಾದ್ರೆ.”

ಅಡುಗೆಮನೆಯಿಂದ ಕತ್ತರಿ ತಂದು, ಗಾಡಿಯ ಹಿಂದೆ ಹೋಗಿ, ಸ್ಟೆಪ್ನಿಗೂ ಬಾಗಿಲಿಗೂ ನಡುವಿನ ಸಂದಿಯಲ್ಲಿ ಕೈ ಹಾಕಿ, ಕಚಕ್ ಎಂದು ಏನನ್ನೋ ಕತ್ತರಿಸಿದರು. ಹೊರಬಂದದ್ದು ಕಪ್ಪು ದಾರಕ್ಕೆ ನೇತಾಡುತ್ತಿದ್ದ, ಧೂಳು ಹಿಡಿದ, ಗುಲಾಬಿ ಬಣ್ಣದ ಪುಟ್ಟ ಶೂ. ಧೂಳು ಕೊಡವಲು ಒಮ್ಮೆ ಹಿಸುಕಿದರು.

ಕೀಂಕ್!

“ಮೈ ಶೂ!” ಎಂದು ಮಗಳು ಓಡಿ ಬಂದಳು.

ಅತ್ತೆ ಏನೂ ಆಗಿಲ್ಲವೆನ್ನುವಂತೆ, “ದೊಡ್ಡವರ ಚಪ್ಪಲಿ ಕಟ್ಟಿದ್ರೆ ಜನ ನಗ್ತಾರೆ ಅಂದ್ರಲ್ಲ. ಅದಕ್ಕೇ ಅವತ್ತು ಏರ್‌ಪೋರ್ಟಲ್ಲಿ ಇಳಿದಾಗ ಚಿಕ್ಕದು, ಯಾರಿಗೂ ಕಾಣದ ಹಾಗೆ ಕಟ್ಟಿದ್ದೆ” ಎಂದರು.

“ಇನ್ನೊಂದು?”

“ನನ್ ಸೂಟ್‌ಕೇಸಲ್ಲಿದೆ. ಇದು ಹರಿದ್ರೆ ಅಂತ. ಸ್ಟೆಪ್ನಿ ಇಟ್ಕೋಬೇಕಲ್ವಾ?”

ನಾನು ಹೆಂಡತಿಯ ಕಡೆ ತಿರುಗಿದೆ. “ಪತ್ತೆ ಆಯ್ತು ಕಣೇ.” ಅವಳು ಹಣೆ ಚಚ್ಚಿಕೊಂಡು ನಗುತ್ತಿದ್ದಳು. ಆದರೆ ಗಿರಾಕಿಗೂ ಮಾತು ಕೊಟ್ಟಾಗಿತ್ತಲ್ಲ. ಅವನು ನಮ್ಮನ್ನೂ ಶೂವನ್ನೂ ನೋಡಿ, “ಯಾಕೆ ಕಟ್ಟಿದ್ದು?” ಎಂದು ಕೇಳಿದ.

“ಜನ ಗಾಡಿ ನೋಡಿ ಹೊಟ್ಟೆಕಿಚ್ಚು ಪಡಬಾರದು ಅಂತ” ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ.

ಅವನು ತುಕ್ಕು ನೋಡಿದ. ಒಡೆದ ದೀಪ ನೋಡಿದ. “ಈ ಗಾಡಿ ನೋಡಿ?” ಎಂದ.

“ಹೌದು. ಇಷ್ಟು ದಿನ ಏನೂ ಆಗದೆ ಓಡಿದ್ದು ಅದರಿಂದಲೇ ಅಂತ ನಮ್ಮತ್ತೆಯ ನಂಬಿಕೆ.”

ಅವನು ಯೋಚನೆಗೆ ಬಿದ್ದ. “ಹಾಗಾದ್ರೆ ಶೂ ನೀವಿಟ್ಕೊಂಡು, ಬರೀ ಗಾಡಿ ನನಗೆ ಕೊಟ್ಟು ಮರುಭೂಮಿಗೆ ಕಳಿಸ್ತೀರಾ? ಶೂ ಸಮೇತ ಆದ್ರೆ ತಗೋತೀನಿ.”

ಅತ್ತೆಗೆ ಅನುವಾದಿಸಿದೆ. ಅವರು ಶೂವನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ಮೊಮ್ಮಗಳ ಶೂ ಕಂಡವರಿಗೆ ಕೊಡ್ತಾರಾ? ಆಗಲ್ಲ ಅಂತ ಹೇಳಿ” ಎಂದರು. ನನ್ನ ಜೀವನದಲ್ಲಿ ಅಷ್ಟು ಸಂತೋಷದಿಂದ ಏನನ್ನೂ ಅನುವಾದಿಸಿಲ್ಲ. ಶೂ ಇಲ್ಲದೆ ಗಾಡಿ ಬೇಡವೆಂದು ಅವನು ಹ್ಯಾಟ್ ಎತ್ತಿ ಹೊರಟೇಹೋದ. “ನೋಡಿದ್ರಾ?” ಎಂದರು ಅತ್ತೆ. “ಗಾಡಿ ಮನೇಲೇ ಉಳೀತು.”

ಮರುದಿನ ವಾಪಸ್ ಹೊರಟಾಗ ಅತ್ತೆ ಚಕ್ಕುಲಿ ಡಬ್ಬ ಇಡುವ ನೆಪದಲ್ಲಿ ಗಾಡಿಯ ಹಿಂದೆ ತುಂಬ ಹೊತ್ತು ನಿಂತಿದ್ದರು. ಅದನ್ನು ನಾನು ಗಮನಿಸಿದೆ, ಆದರೆ ಕೇಳಲಿಲ್ಲ. ಹೈವೇಯಲ್ಲಿ ಒಂಬತ್ತು ಗಂಟೆ ಪೂರ್ತಿ ಮೌನ. ಪ್ಯಾರಮಟ್ಟಾ ತಲುಪಿ, ನಮ್ಮ ಬೀದಿಯ ಮೊದಲ ಉಬ್ಬು ದಾಟಿದೆ.

ಕೀಂಕ್! ಅದರ ಹಿಂದೆಯೇ ಇನ್ನೊಂದು, ಕೀಂಕ್!

ಹೆಂಡತಿ ನನ್ನನ್ನು ನೋಡಿದಳು. ನಾನು ರಸ್ತೆ ನೋಡಿದೆ. ಹಿಂದಿನ ಸೀಟಿನಲ್ಲಿ ಮಗಳು ಜೋರಾಗಿ ಚಪ್ಪಾಳೆ ತಟ್ಟಿ ಹೇಳಿದಳು: “ಬೋತ್ ಶೂಸ್!”