ಭಟ್ಟಿ ಅದೆಲಿನೊ ಪರೀಕ್ಷೆಗೆ ಬಂದದ್ದು

ಕಾರ್ಖಾನೆಯ ಗೋಡೆಗೆ ಅಂಟಿಸಿದ್ದ ಅರ್ಧ ಹಾಳೆಯ ನೋಟೀಸು ಅದೆಲಿನೊನ ನಿದ್ದೆ ಕೆಡಿಸಿತ್ತು. ಸೋಮವಾರದಿಂದ ಟೈಲ್ಸ್ ಸುಡುವ ಭಟ್ಟಿ ಮುಟ್ಟುವವರ ಹತ್ತಿರ ಯುರೋಪಿನಲ್ಲೆಲ್ಲ ನಡೆಯುವ ಅರ್ಹತಾಪತ್ರ ಇರಬೇಕು. ಇಲ್ಲದವರು ಪ್ಯಾಕಿಂಗಿಗೆ. ಅದೆಲಿನೊ ಇಪ್ಪತ್ತಾರು ವರ್ಷ ಭಟ್ಟಿ ನೋಡಿಕೊಂಡವನು, ಬೆಂಕಿಯ ಬಣ್ಣ ನೋಡಿಯೇ ಶಾಖ ಹೇಳುತ್ತಿದ್ದ. ಆದರೆ ಪರೀಕ್ಷೆ ಎಂದರೆ ಅವನಿಗೆ ಭಯ.

ಕಾರ್ಮಿಕ ಸಂಘ ಜಗಳವಾಡಿ ಒಂದು ದಾರಿ ಮಾಡಿಸಿತ್ತು. ಅನುಭವವನ್ನೇ ಪರೀಕ್ಷಿಸಿ ಪತ್ರ ಕೊಡಬೇಕು, ಪರೀಕ್ಷಕರ ಪೀಠದಲ್ಲಿ ಸಂಘದವರೊಬ್ಬರು ಇರಲೇಬೇಕು. ಅದು ಈ ಶುಕ್ರವಾರ, ಒಂದೇ ಸಲ.

ಶುಕ್ರವಾರ ಬೆಳಿಗ್ಗೆ ಕಾಫಿ ಅಂಗಡಿಯ ಫೆಲಿಸ್ಮಿನಾ ಅವನಿಗೆ ಧೈರ್ಯ ಹೇಳಿದಳು.

"ನನ್ನ ಮೈದುನನಿಗೆ ಇಂಥದೇ ಪರೀಕ್ಷೇಲಿ ಬೆಂಕಿ ಯಾಕೆ ಸುಡುತ್ತೆ ಅಂತ ಕೇಳಿದ್ರಂತೆ."

"ಏನಂದ?"

"ಮುಟ್ಟಿ ನೋಡಿ ಅಂದ. ಈಗ ಕಡಲ ತೀರದಲ್ಲಿ ಕುರ್ಚಿ ಜೋಡಿಸ್ತಾನೆ."

ಅದೆಲಿನೊ ಅರ್ಧ ತಿಂದ ಬ್ರೆಡ್ಡನ್ನು ಅಲ್ಲೇ ಬಿಟ್ಟು ಎದ್ದ.

ಪರೀಕ್ಷೆಯ ಕೋಣೆಯ ಹೊರಗೆ ಜುಲ್ಮೀರಾ ತಾನೂ ಪರೀಕ್ಷೆ ಕೊಡಲು ಬಂದು ಕೂತಿದ್ದಳು. ನಾಲ್ಕು ವರ್ಷದಿಂದ ಅವನ ಹತ್ತಿರವೇ ಕೆಲಸ ಕಲಿತವಳು.

"ಹೆದರ್ಬೇಡಿ ಯಜಮಾನ್ರೇ, ಗೊತ್ತಿರೋದನ್ನ ಹೇಳಿ."

"ಗೊತ್ತಿರೋದು ಕೈಗೆ ಕಣಮ್ಮ, ಬಾಯಿಗಲ್ಲ."

ಹನ್ನೊಂದಾದರೂ ಯಾರನ್ನೂ ಕರೆಯಲಿಲ್ಲ. ಕೊನೆಗೆ ಪೀಠದ ಅಧ್ಯಕ್ಷೆ ಯುಲಾಲಿಯಾ ಬಾಗಿಲು ತೆರೆದರು.

"ಪೋರ್ಟೊದಿಂದ ಬರಬೇಕಾಗಿದ್ದ ಸಂಘದವರು ಬರ್ತಾ ಇಲ್ಲ. ರೈಲು ಮುಷ್ಕರ. ನಿಮ್ಮ ಸಂಘವೂ ಬೆಂಬಲ ಕೊಟ್ಟಿದೆಯಂತೆ. ಅವರಿಲ್ಲದೆ ಪರೀಕ್ಷೆ ಇಲ್ಲ."

ಆ ಬೆಂಬಲಕ್ಕೆ ಅದೆಲಿನೊ ಸಂಘದ ಸಭೆಯಲ್ಲಿ ಎರಡೂ ಕೈ ಎತ್ತಿದ್ದ. ಈಗ ಭಟ್ಟಿ ಹೋಯಿತು.

ಜುಲ್ಮೀರಾ ಅವನನ್ನು ಉಳಿಸಲೆಂದೇ ಬಾಯಿ ಹಾಕಿದಳು.

"ಮೇಡಂ, ನಮ್ಮ ಯಜಮಾನ್ರೇ ಸಂಘದ ಬದಲಿ ಪ್ರತಿನಿಧಿ."

ಅದು ನಿಜವೇ. ಹನ್ನೊಂದು ವರ್ಷದ ಹಿಂದೆ, ಅವನು ಸಭೆಯಿಂದ ಶೌಚಕ್ಕೆ ಎದ್ದುಹೋದಾಗ ಒಮ್ಮತದಿಂದ ಆರಿಸಿದ್ದರು.

"ಒಳ್ಳೇದಾಯ್ತು. ಬನ್ನಿ, ಕೂತ್ಕೊಳ್ಳಿ," ಎಂದರು ಅಧ್ಯಕ್ಷೆ.

ಏನಾದರೂ ಕೇಳಲು ಹೆದರಿ ಅವನು ಕೂತುಬಿಟ್ಟ. ಮೊದಲು ಕರೆದದ್ದು ಜುಲ್ಮೀರಾಳನ್ನು, ಅವಳು ಎಲ್ಲ ಪ್ರಶ್ನೆಗೂ ಅವನು ಕಲಿಸಿದ ಮಾತಿನಲ್ಲೇ ಉತ್ತರ ಹೇಳಿದಳು. ಅದೆಲಿನೊ ಖುಷಿಯಿಂದ ಅವಳ ಪತ್ರಕ್ಕೆ ಸಹಿ ಹಾಕಿದ.

"ಮುಂದಿನವರು, ಅದೆಲಿನೊ."

"ನಾನೇ ಮೇಡಂ."

"ನೀವು ಪೀಠದಲ್ಲಿದ್ದೀರಲ್ಲ. ತಮ್ಮನ್ನ ತಾವೇ ಪರೀಕ್ಷೆ ಮಾಡ್ಕೊಳ್ಳೋ ಹಾಗಿಲ್ಲ. ನಿಮ್ಮ ಸಂಘವೇ ಹಾಕಿಸಿದ ಷರತ್ತು."

"ಹಾಗಾದ್ರೆ ಎದ್ದು ಆ ಕಡೆ ಕೂರ್ತೀನಿ."

"ಆಗ ಪೀಠದಲ್ಲಿ ಸಂಘದವರು ಇರಲ್ಲ."

ಅವನು ಅರ್ಧ ಎದ್ದವನು ಅರ್ಧದಲ್ಲೇ ನಿಂತ. ಅಧ್ಯಕ್ಷೆ ಫಾರಂ ತುಂಬಿ ಮುಂದಕ್ಕೆ ತಳ್ಳಿದರು. 'ಅಭ್ಯರ್ಥಿ ಗೈರುಹಾಜರು' ಎಂದಿತ್ತು. ಅದೆಲಿನೊ ತಾನು ಬಂದಿಲ್ಲವೆಂದು ಸಹಿ ಹಾಕಿದ.

"ಬರದೇ ಇದ್ದದ್ದಕ್ಕೆ ಮೇಲಿನವರು ಕಾರಣ ಕೇಳ್ತಾರಾ ಮೇಡಂ?"

"ಕೇಳದೆ ಬಿಡ್ತಾರಾ? ಸಂಘದ ಪ್ರತಿನಿಧಿ ಖುದ್ದಾಗಿ ಬರದವನ ಮನೆಗೆ ಹೋಗಿ, ವಿಚಾರಿಸಿ, ವರದಿ ಕೊಡಬೇಕು."