ಬುಟ್ಟಿಗೆ ಹಿಡಿಸದ ಮಗಳು

ಮಗಳು ಹುಟ್ಟಿದ ದಿನ ದೊಡ್ಡಬಳ್ಳಾಪುರದ ಆ ಆಸ್ಪತ್ರೆಯಲ್ಲಿ ನನ್ನಷ್ಟು ಬುದ್ಧಿವಂತ ತಂದೆ ಇನ್ನೊಬ್ಬನಿರಲಿಲ್ಲ. ಮಗುವಿನ ಫೋಟೋ ತೆಗೆಯುತ್ತೇವೆಂದು ಆಸ್ಪತ್ರೆಯವರೇ ಕ್ಯಾಮೆರಾ ಹಿಡಿದು ವಾರ್ಡಿಗೆ ಬಂದಾಗ ಬೇಡವೆಂದು ಕೈ ಅಡ್ಡ ಹಿಡಿದೆ. ಹಿಂದೆ ಗ್ಲೂಕೋಸ್ ಸ್ಟ್ಯಾಂಡು, ಪಕ್ಕದಲ್ಲಿ ಗಂಜಿಯ ಫ್ಲಾಸ್ಕು. ನನ್ನ ಮಗಳ ಮೊದಲ ಚಿತ್ರಕ್ಕೆ ಇದೇನು ಹಿನ್ನೆಲೆ?

ಹೊರಗೆ ಗೋಡೆಯ ಮೇಲೆ ಒಂದು ಸ್ಟುಡಿಯೋದ ಪೋಸ್ಟರ್ ಇತ್ತು. ಬೆತ್ತದ ಬುಟ್ಟಿ, ಉಣ್ಣೆಯ ಟೋಪಿ, ಒಳಗೆ ಮುದುಡಿ ಮಲಗಿದ ಮಗು. ಫೋನ್ ನಂಬರಿಗಾಗಿ ಅದರದೊಂದು ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡೆ. ಮಗಳ ಮೊದಲ ಚಿತ್ರ ಬುಟ್ಟಿಯದೇ ಆಗಬೇಕೆಂದು ಅವಳನ್ನು ಮಾತ್ರ ಮೊಬೈಲಿನಲ್ಲೂ ತೆಗೆಯಲಿಲ್ಲ.

"ಇಲ್ಲೇ ಒಂದು ತೆಗೆಸ್ಬಿಡ್ರೀ," ಎಂದಳು ಹೆಂಡತಿ ಶೋಭಾ, ಮಲಗಿದಲ್ಲಿಂದಲೇ. ಸುಸ್ತಿನಲ್ಲಿ ಏನೋ ಹೇಳುತ್ತಿದ್ದಾಳೆ ಎಂದುಕೊಂಡೆ. ಫೋನ್ ಮಾಡಿದಾಗ ಸ್ಟುಡಿಯೋದವರು ಹದಿನೈದು ದಿನದೊಳಗೆ ಕರೆತನ್ನಿ, ಆಮೇಲೆ ಮಕ್ಕಳು ಹಾಗೆ ಮುದುಡಿ ಮಲಗುವುದಿಲ್ಲ ಎಂದರು. ಹತ್ತನೆಯ ದಿನಕ್ಕೆ ಗೊತ್ತು ಮಾಡಿದೆ.

ಹತ್ತನೆಯ ದಿನ ಹೊಸ ಶರ್ಟು ತೊಟ್ಟು, ಬಾಡಿಗೆ ಕಾರಿನಲ್ಲಿ ಸಾಸಲಿನ ಮಾವನ ಮನೆ ಮುಂದೆ ಇಳಿದೆ. ಬಾಣಂತನ ಎಂಬುದೊಂದಿದೆ ಎಂದು ಈ ತಾಲ್ಲೂಕಿನಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆದೇ ಇರಲಿಲ್ಲ! ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದ ಶೋಭಾ ಸಾಂಬ್ರಾಣಿ ಹೊಗೆಯ ಹಿಂದಿನಿಂದ ನನ್ನ ಶರ್ಟನ್ನು ನೋಡಿದಳು.

"ಮೂರು ತಿಂಗ್ಳು ತುಂಬೋವರ್ಗೂ ಮಗು ಹೊಸಿಲು ದಾಟಂಗಿಲ್ಲ ಕಣಪ್ಪ. ಫೋಟೋನೂ ಬೇಡ, ದೃಷ್ಟಿ ಆಯ್ತದೆ," ಎಂದರು ಅತ್ತೆ.

ಫೋಟೋದವರನ್ನೇ ಇಲ್ಲಿಗೆ ಕರೆತರುತ್ತೇನೆ ಎಂದೆ. ಮಗುವಿನ ಮುಖದ ಮೇಲೆ ಸೆರಗು ಬಿತ್ತು. ನನಗೆ ಉಪ್ಪಿಟ್ಟು ಸಿಕ್ಕಿತು. ತಿಂದು, ಒಬ್ಬನೇ ವಾಪಸಾದೆ.

ಆಮೇಲೆ ನನ್ನ ಪಾಲಿಗೆ ಬರೀ ಭಾನುವಾರಗಳು. ಹೋದಾಗಲೆಲ್ಲ ಬೇರೆಯೇ ಮಗು. ಹೋದ ವಾರದ ಮಗು ಎಲ್ಲಿ ಎಂದು ಯಾರನ್ನು ಕೇಳುವುದು?

ಮೂರು ತಿಂಗಳು ತುಂಬಿದ ಮೇಲೆ ಸ್ಟುಡಿಯೋದ ಬುಟ್ಟಿಯಲ್ಲಿ ಮಲಗಿಸಿದರೆ ಎರಡೂ ಕಾಲು ಹೊರಗೆ. ಟೋಪಿ ನೆತ್ತಿಯಿಂದ ಕೆಳಗಿಳಿಯಲಿಲ್ಲ. ಮಗಳು ಬುಟ್ಟಿಯನ್ನು ಮೊದಲು ಒದ್ದಳು, ಆಮೇಲೆ ತೋಯಿಸಿದಳು. ಕೊನೆಗೆ ಸ್ಟುಡಿಯೋದವರು ಬುಟ್ಟಿ ಪಕ್ಕಕ್ಕಿಟ್ಟು, ನನ್ನ ತೊಡೆಯ ಮೇಲೆಯೇ ಅವಳನ್ನು ಇಟ್ಟು ತೆಗೆದರು.

ಆ ಚಿತ್ರ ಗೋಡೆಯ ಮೇಲಿದೆ, ಚೆನ್ನಾಗಿಯೂ ಇದೆ. ಆದರೆ ನನಗೆ ಬೇಕಾದದ್ದು ಆಸ್ಪತ್ರೆಯ ಮುಖ. ಕೆಂಪಗೆ, ಹಣೆ ಗಂಟಿಕ್ಕಿಕೊಂಡು, ಒಂದೇ ಕಣ್ಣು ತೆರೆದು ನನ್ನನ್ನು ನೋಡಿದ್ದಳಲ್ಲ, ಆ ಮುಖ. ಮೂರು ವರ್ಷವಾದರೂ ಅದನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆ ಹೋಗಿಲ್ಲ. ತೆರೆದದ್ದು ಎಡಗಣ್ಣು ಎನ್ನುತ್ತಾಳೆ ಶೋಭಾ. ಬಲಗಣ್ಣು ಎನ್ನುತ್ತೇನೆ ನಾನು. ಸಾಕ್ಷಿಯಿಲ್ಲ.

ಮೊನ್ನೆ ಮಗಳು ನನ್ನ ಮೊಬೈಲ್ ಹಿಡಿದು ಬಂದು, "ಅಪ್ಪ, ಇದು ನಾನಾ?" ಎಂದಳು.

ಅಲ್ಲ ಎಂದೆ. ಮತ್ಯಾರು ಎಂದಳು. ನನಗೂ ಗೊತ್ತಿಲ್ಲ. ಮಗಳು ಹುಟ್ಟಿದ ದಿನ ನಾನು ತೆಗೆದ ಒಂದೇ ಒಂದು ಫೋಟೋ ಅದು, ಪೋಸ್ಟರಿನಲ್ಲಿದ್ದ ಯಾರದೋ ಮಗುವಿನದು.