ಸಮುದ್ರದ ಮುಂದೆ ಚೊಂಬು ಹಿಡಿದು

ನಮ್ಮ ಮನೆಯವರು ಸುಳ್ಳು ಹೇಳುವುದಿಲ್ಲ. ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ. ಸುಳ್ಳು ಹೇಳದ ಗಂಡ ಯಾವ ಊರಲ್ಲಿದ್ದಾನೆ? ಇವರು ಸುಳ್ಳನ್ನು ಕತ್ತರಿಸಿ, ಅಂಟಿಸಿ, ಸುತ್ತ ಗುಲಾಬಿ ಹೂವಿಟ್ಟು, ಕಂಪ್ಯೂಟರಿನಲ್ಲಿ ಹಾಕಿ ಊರಿಗೆಲ್ಲ ತೋರಿಸುತ್ತಾರೆ! ಆ ಸುಳ್ಳು ಬೇರೇನೂ ಅಲ್ಲ. ನಾನೇ!

ಕೊಟ್ಟೂರಲ್ಲಿ ಮನೆಯ ಮುಂಭಾಗದಲ್ಲೇ ಇವರದು ಟೇಲರ್ ಅಂಗಡಿ. ಹೆಂಗಸರ ಬ್ಲೌಸಿಗೆ ಒಳ್ಳೆಯ ಹೆಸರು. ಹಾಗೇ ಹೊಲಿದುಕೊಂಡು ತೆಪ್ಪಗೆ ಇರಬಾರದೇ? ಡಿಜಿಟಲ್ ಕ್ಯಾಮೆರಾಗಳು ನಮ್ಮ ಕಡೆ ಆಗಷ್ಟೇ ಕಾಲಿಡುತ್ತಿದ್ದ ಕಾಲ. ಇವರಿಗೂ ಒಂದು ಬೇಕಾಯಿತು. ಹಿಂದೆಯೇ ಒಂದು ಹಳೆಯ ಕಂಪ್ಯೂಟರ್ ಬಂತು. ಅದನ್ನು ಹೊಲಿಗೆ ಮಷೀನಿನ ಪಕ್ಕಕ್ಕಿಟ್ಟು, ಮೀಸೆ ಚಿಗುರದ ಹುಡುಗರ ಜೊತೆ ಕ್ಲಾಸಿಗೆ ಕೂತು, ಫೋಟೋ ಕತ್ತರಿಸುವುದನ್ನೂ ಕಲಿತು ಬಂದರು.

ಕ್ಯಾಮೆರಾ ಬಂದ ದಿನವೇ ನನ್ನ ಮೇಲೆ ಪ್ರಯೋಗ. ನಾನು ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕಲು ಚೊಂಬು ಹಿಡಿದು ಹೊರಟಿದ್ದೆ. ಉಟ್ಟಿದ್ದು ಹಳೆ ಸೀರೆ, ಸೆರಗು ಸೊಂಟಕ್ಕೆ. "ಕೆಲಸ ಇಲ್ಲೇನ್ರಿ ನಿಮಗ?" ಎಂದು ಬಾಯಿ ತೆರೆದಿದ್ದಷ್ಟೇ, ಫಳಕ್ ಅಂತು. ಹಿಂದೆ ಸುಣ್ಣದ ಗೋಡೆ, ತಂತಿಯ ಮೇಲೆ ಇವರದೇ ಬನಿಯನ್. ಆ ಫೋಟೋ ಅಲ್ಲಿಗೇ ಮುಗಿಯಿತು ಅಂದುಕೊಂಡೆ. ಎಂಥ ದಡ್ಡಿ ನಾನು!

ಇಲ್ಲೊಂದು ಮಾತು ಹೇಳಬೇಕು. ನನಗೆ ಬಸ್ಸು ಆಗಿಬರುವುದಿಲ್ಲ. ತವರು ಚಿಗಟೇರಿ, ಮದುವೆಯಾಗಿ ಕೊಟ್ಟೂರಿಗೆ ಬರುವಾಗ ಊರು ಕಾಣುವ ಮೊದಲೇ ಮದುವೆ ಊಟವೆಲ್ಲ ಹೊಸ ಸೀರೆಯ ಮೇಲೆ ವಾಪಸು ಬಂದಿತ್ತು. ನಿಂಬೆಹಣ್ಣು ಮೂಸಿದೆ, ಶುಂಠಿ ಅಗಿದೆ, ಹೊಟ್ಟೆಗೆ ಪೇಪರ್ ಕಟ್ಟಿಕೊಂಡೆ. ಡಾಕ್ಟರು ಗುಳಿಗೆ ಕೊಟ್ಟರು. ಕೂಡ್ಲಿಗಿ ದಾರಿಯಲ್ಲಿ ಮೊದಲು ಹೊರಗೆ ಬಂದದ್ದೇ ಆ ಗುಳಿಗೆ! ಹಡಗಲಿ, ಹರಪನಹಳ್ಳಿ ಎಲ್ಲ ನನಗೆ ಬಸ್ಸಿನ ಬೋರ್ಡಿನ ಮೇಲಿನ ಹೆಸರುಗಳು, ಅಷ್ಟೇ. ಆದರೆ ಆಸೆ ಇರಬಾರದು ಅಂತೇನಿಲ್ಲವಲ್ಲ? ನನಗೆ ಸಮುದ್ರ ನೋಡುವ ಆಸೆ. ಚಿಕ್ಕಂದಿನಿಂದಲೂ ಇತ್ತು, ಈಗಲೂ ಇದೆ.

ಆ ದಸರಾ ರಜೆಯಲ್ಲಿ ಹಗರಿಬೊಮ್ಮನಹಳ್ಳಿಯ ನಾದಿನಿ ಮನೆಯವರು ಜೀಪು ಮಾಡಿಕೊಂಡು ಜೋಗ, ಮುರ್ಡೇಶ್ವರ ಅಂತ ಹೊರಟರು. "ನೀವು ಹೋಗಿ ಬರ್ರಿ" ಎಂದು ನಾನೇ ಇವರನ್ನು ಹತ್ತಿಸಿದೆ. ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಮದುಮಗನ ಹಾಗೆ ಹೋದರು.

ವಾಪಸು ಬಂದಾಗ ಮೊದಲು ಸಿಡಿಮಿಡಿಗೊಂಡವಳು ನಾದಿನಿ. "ಅತ್ತಿಗಿ, ಅಣ್ಣನ ಜೋಡಿ ಇನ್ನೊಮ್ಮಿ ಎಲ್ಲಿಗೂ ಹೋಗಂಗಿಲ್ಲ ನೋಡು! ಫೋಟೋಕ್ಕ ನಿಂತ್ರ ಸಾಕು, ಸರೀರಿ ಸರೀರಿ, ಮಾರ್ಜಿನ್ ಬಿಡ್ರಿ ಅಂತಾನ. ಜೋಗದಾಗ ಸರದು ಸರದು ನಮ್ಮ ಮನಿಯವ್ರು ಹಳ್ಳದಾಗ ಬೀಳ್ತಿದ್ರು!"

ಯಾಕೆ ಈ ಮಾರ್ಜಿನ್ ಅಂತ ನನಗೂ ತಿಳಿಯಲಿಲ್ಲ. ತಿಳಿದದ್ದು ಇವರು ವಾರವೆಲ್ಲ ಮಷೀನು ಬಿಟ್ಟು ಮೌಸು ಹಿಡಿದು ಕೂತು, ಕಂಪ್ಯೂಟರಿನಲ್ಲೇ ಒಂದು ಆಲ್ಬಮ್ ಮಾಡಿದ ಮೇಲೆ. "ಬಾ ಇಲ್ಲಿ, ನಿನಗೊಂದು ತೋರಸ್ತೀನಿ" ಅಂದರು. ಹೋಗಿ ನೋಡುತ್ತೇನೆ, ಜೋಗದ ಮುಂದೆ ನಾನು! ಹಳೆ ಸೀರೆ, ಸೊಂಟದಲ್ಲಿ ಸೆರಗು, ತೆರೆದ ಬಾಯಿ, ಕೈಯಲ್ಲಿ ಚೊಂಬು! ಅಷ್ಟು ನೀರು ಧೋ ಅಂತ ಸುರಿಯುವ ಕಡೆ ಚೊಂಬು ಹಿಡಿದು ಎಲ್ಲಿಗೆ ಹೊರಟವಳು ಅಂತ ನೋಡಿದವರು ತಿಳಿಯಬೇಕು? ಮುಂದಿನ ಪುಟ ಮುರ್ಡೇಶ್ವರ. ಅಲ್ಲೂ ಅದೇ ಚೊಂಬು. ಕಾಲು ಮರಳಿಗೆ ತಾಗದೆ ಗಾಳಿಯಲ್ಲಿ ತೇಲುತ್ತಿದ್ದೇನೆ. ಪುಟದ ನಾಲ್ಕೂ ಮೂಲೆಗೆ ಗುಲಾಬಿ, ಅಂಚಿಗೆ ಬ್ಲೌಸಿನ ತೋಳಿಗೆ ಹಚ್ಚುವಂಥ ಲೇಸು!

ಸಾಲದ್ದಕ್ಕೆ ನನ್ನ ಸುತ್ತ ಒಂದು ಬಿಳಿ ಪಟ್ಟಿ, ಹೆಗಲ ಹತ್ತಿರ ಬನಿಯನ್ನಿನ ಒಂದು ತೋಳು.

"ಇದೇನ್ರಿ, ನಮ್ಮ ಹಿತ್ತಲ ಗ್ವಾಡಿನೂ ಸಮುದ್ರಕ್ಕ ಬಂದೈತಿ?"

"ಮಾರ್ಜಿನ್ ಅದು. ಗೆರಿ ಮ್ಯಾಲೆ ಕತ್ತರಿ ಆಡಿಸೋದು ಟೇಲರ್ ಕೆಲಸ ಅಲ್ಲ. ನಾಳಿ ಬಿಚ್ಚಿ ದೊಡ್ಡದು ಮಾಡಬೇಕಂದ್ರ ಏನ್ ಮಾಡ್ತಿ?"

"ನಾನೇನು ಇನ್ನೂ ದೊಡ್ಡಾಕಿ ಆಗ್ತೀನೇನ್ರಿ?"

"ನಿನ್ನ ಮದಿವಿ ಬ್ಲೌಸು ಎಷ್ಟು ಸಲ ಬಿಚ್ಚೀನಿ, ಕೇಳಬ್ಯಾಡ" ಅಂದರು, ನನ್ನ ಕಡೆ ತಿರುಗದೆ.

ಮನೆಯೊಳಗೇ ಇದ್ದಿದ್ದರೆ ನುಂಗಿಕೊಳ್ಳುತ್ತಿದ್ದೆ. ಇವರು ಅಂಗಡಿಗೆ ಬಂದವರನ್ನೆಲ್ಲ ಸ್ಟೂಲಿನ ಮೇಲೆ ಕೂರಿಸಿ ತೋರಿಸತೊಡಗಿದರು. ಪಾಪ, ನಾಳೆ ಮದುವೆ ಇಟ್ಟುಕೊಂಡ ಹೆಂಗಸೊಬ್ಬರು ಬಂದು ಕೇಳಿದರೆ, "ನಿಮ್ಮ ಬ್ಲೌಸು ಇನ್ನೂ ಆಗಿಲ್ರಿ. ಜೋಗ ಆಗೈತಿ, ಕುಂದ್ರಿ, ನೋಡ್ರಿ!" ಇಂಥ ಟೇಲರನ್ನು ಊರು ಹೇಗೆ ಸಹಿಸಿಕೊಂಡಿದೆ, ನೀವೇ ಹೇಳಿ. ನಾನು ಸಂತೆಗೆ ಹೋದರೆ ತರಕಾರಿಯವಳು ಸೊಪ್ಪು ಕೊಡುವುದು ಬಿಟ್ಟು, "ಅಕ್ಕಾರ, ಇವತ್ತು ಚೊಂಬು ತಂದಿಲ್ಲೇನ್ರಿ?" ಅಂದಳು. ಮುಖ ಎಲ್ಲಿ ಇಟ್ಟುಕೊಳ್ಳಲಿ?

ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಚಿಗಟೇರಿಯ ನನ್ನ ಗೆಳತಿಯ ಮಾತು. ಚಿಕ್ಕವರಿದ್ದಾಗ ಇಬ್ಬರೂ ಕೆರೆ ದಂಡೆಯಲ್ಲಿ ಕೂತು ಸಮುದ್ರ ಇದಕ್ಕಿಂತ ಎಷ್ಟು ದೊಡ್ಡದಿದ್ದೀತು ಅಂತ ಜಗಳಾಡಿದವರು. ಬ್ಲೌಸಿಗೆ ಅಳತೆ ಕೊಡಲು ಬಂದವಳು ಫೋಟೋ ನೋಡಿ, ಒಳಗೆ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. "ಅಂತೂ ನೋಡಿ ಬಂದ್ಯಲ್ಲೇ! ಹೆಂಗೈತಿ ಸಮುದ್ರ? ಹೇಳ, ಹೆಂಗೈತಿ?"

ಏನು ಹೇಳಲಿ? ಅವಳ ಕಣ್ಣಲ್ಲಿ ಅಷ್ಟು ಖುಷಿ ಇತ್ತು. ಒಲೆಯ ಮೇಲೆ ಹಾಲಿದೆ ಎಂದು ಅಡುಗೆಮನೆಗೆ ಹೋಗಿ, ಇಲ್ಲದ ಹಾಲಿನ ಮುಂದೆ ನಿಂತು ಅತ್ತೆ.

ಅವಳು ಹೋದ ಮೇಲೆ ಅಂಗಡಿಗೆ ನುಗ್ಗಿದೆ. "ತಗೀರಿ ನನ್ನ! ಎಲ್ಲಾ ಫೋಟೋದಾಗಿಂದ ಈಗಿಂದೀಗ ತಗೀರಿ! ನೋಡದ ಸಮುದ್ರದ ಮುಂದ ನಿಂದ್ರಿಸಿ ನನ್ನ ಹೊಟ್ಟಿ ಯಾಕ ಉರಸ್ತೀರಿ?"

ಇವರು ಕನ್ನಡಕ ಏರಿಸಿಕೊಂಡು, ತಪ್ಪು ಬಿದ್ದ ಹೊಲಿಗೆ ಬಿಚ್ಚುವ ಹಾಗೆ ಮೆಲ್ಲಗೆ ಶುರು ಮಾಡಿದರು. ಮುರ್ಡೇಶ್ವರದ ಪುಟದಿಂದ ಚೊಂಬು ಹೋಯಿತು, ಬನಿಯನ್ ಹೋಯಿತು, ನಾನೂ ಹೋದೆ. ಅಡಿಯಲ್ಲಿದ್ದ ಅಸಲು ಫೋಟೋ ಉಳಿಯಿತು.

ಹಿಂದೆ ಸಮುದ್ರ. ಒಂದು ಕಡೆ ನಾದಿನಿಯ ಮನೆಯವರು ಮುಖ ಗಂಟು ಹಾಕಿಕೊಂಡು ಒತ್ತಿ ನಿಂತಿದ್ದಾರೆ. ಇನ್ನೊಂದು ತುದಿಗೆ, ಕ್ಯಾಮೆರಾ ಜೀಪಿನ ಡ್ರೈವರ್ ಕೈಗೆ ಕೊಟ್ಟು ನಿಂತ ಇವರು; ಚೊಂಬಿನ ಸಿಟ್ಟಿನಲ್ಲಿ ಇವರನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಇವರೊಬ್ಬರು ಆ ಖಾಲಿ ಜಾಗದ ಕಡೆ ತಿರುಗಿ, ಸರಿಯಾಗಿ ನನ್ನ ಎತ್ತರಕ್ಕೆ ತಲೆ ತಗ್ಗಿಸಿ, ಹಲ್ಲೆಲ್ಲ ಬಿಟ್ಟು ನಗುತ್ತಿದ್ದಾರೆ.

ನನ್ನ ಸಿಟ್ಟು ಎಲ್ಲಿ ಹೋಯಿತೋ. "ಯಾಕ ನಗಾಕತ್ತೀರಿ ಇಲ್ಲಿ?" ಎಂದೆ.

"ಅಲ್ಲಿ ಗಾಳಿ ಭಾಳ. ನಿನ್ನ ಸೆರಗು ಹಾರಿ ಮಾರಿಗೆ ಬಡದಿದ್ರ ಹೆಂಗ ಬೈತಿದ್ದಿ ಅಂತ ನೆನಪಾತು."

ನಾನು ಒಳಗೆ ಹೋಗಿ ಪೆಟ್ಟಿಗೆಯಲ್ಲಿದ್ದ ನೀಲಿ ಸೀರೆ ಉಟ್ಟು, ತಲೆ ಬಾಚಿ, ಹಿತ್ತಲ ಗೋಡೆಗೆ ಬಂದು ನಿಂತೆ. "ಬರ್ರಿ, ಇನ್ನೊಂದು ತಗೀರಿ. ಬನಿಯನ್ ಮೊದಲು ತಗೀರಿ. ನಿಮ್ಮ ಮಾರಿ ಎಷ್ಟು ಎತ್ತರಕ್ಕಿತ್ತು ಹೇಳ್ರಿ, ಆ ಕಡಿ ನೋಡ್ತೀನಿ."

ಇವರು ಟೇಪು ಹಿಡಿದು ಅಳೆದು, ಬಟ್ಟೆಗೆ ಗೆರೆ ಹಾಕುವ ನೀಲಿ ಚಾಕಿನಿಂದ ಗೋಡೆಗೆ ಒಂದು ಗುರುತು ಹಾಕಿದರು. ಅಂಗಡಿಯ ಟೇಬಲ್ ಫ್ಯಾನನ್ನೂ ಹೊತ್ತು ತಂದರು, ಸಮುದ್ರದ ಗಾಳಿಗಂತೆ! ನಾನು ಗುರುತಿನ ಕಡೆ ತಿರುಗಿ ನಗಬೇಕು ಅನ್ನುವಷ್ಟರಲ್ಲಿ ಸೆರಗು ಹಾರಿ ಮುಖಕ್ಕೆ ಬಡಿಯಿತು. "ಫ್ಯಾನ್ ಆರಸ್ರಿ! ಬುದ್ಧಿ ಐತೇನ್ರಿ ನಿಮಗ?" ಎಂದು ಕೂಗಿದೆ. ಇವರು ಕ್ಯಾಮೆರಾ ಒತ್ತಿ, ತಲೆ ತಗ್ಗಿಸಿ, ಹಲ್ಲೆಲ್ಲ ಬಿಟ್ಟು ನಕ್ಕರು. ಫೋಟೋದಲ್ಲಿದ್ದದ್ದು ಅದೇ ನಗು.

ಈಗ ಆ ನೀಲಿ ಸೀರೆಯವಳೇ ಮುರ್ಡೇಶ್ವರದಲ್ಲಿದ್ದಾಳೆ, ಸುತ್ತ ಮಾರ್ಜಿನ್ ಸಮೇತ. ಗೆಳತಿ ಮತ್ತೆ ಬಂದಾಗ ಬಿಡಲಿಲ್ಲ, ಸಮುದ್ರ ಹೆಂಗೈತಿ ಹೇಳಲೇಬೇಕು ಅಂದಳು.

"ಗಾಳಿ ಭಾಳ ಐತಿ" ಅಂದೆ.